ಅಪ್ಪನ ತಿಥಿಗೆ ಬಂದ ಕೊಂಬು

ಧಾರವಾಡದ ಕೌಸಲ್ಯಾ ಬರ್ಮಿಂಗ್‌ಹ್ಯಾಮಿಗೆ ನರ್ಸಾಗಿ ಬಂದ ಹೊಸತರಲ್ಲಿ ಅವಳ ಇಂಗ್ಲಿಷ್ ಕೇಳಿ ವಾರ್ಡಿನವರು ನಗುತ್ತಿದ್ದರು. ಮೊದಲ ಮುಷ್ಕರದಲ್ಲಿ ಅವಳ ಗಂಟಲು ಕೇಳಿದ ಮೇಲೆ ನಗುವುದನ್ನು ಬಿಟ್ಟರು. ಮೂಳೆ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರ ಕೈಗೆ ಗರಗಸ, ಡ್ರಿಲ್ಲು ಎತ್ತಿಕೊಡುತ್ತ ಅವಳ ಹರೆಯ ಕಳೆಯಿತು. ರಜೆಗಳು ಬೀದಿಯಲ್ಲಿ ಕಳೆದವು. ನರ್ಸುಗಳ ಸಂಬಳಕ್ಕೆ ನಿಂತಳು, ಮುಚ್ಚಲು ಹೊರಟಿದ್ದ ಲೈಬ್ರರಿಗೆ ನಿಂತಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಡ್ಯೂಟಿ ರೋಟಾದಾಗ ಜಾಗಾ ಸಿಗಲಿಲ್ಲ" ಎನ್ನುತ್ತಿದ್ದಳು.

ಖಡ್ಗಮೃಗ ಅವಳ ತಲೆಗೆ ಹೊಕ್ಕಿದ್ದು ರಿಟೈರಾದ ಮೇಲೆ, ಅದೇ ಲೈಬ್ರರಿಯಲ್ಲಿ ತೋರಿಸಿದ ಒಂದು ವಿಡಿಯೊದಿಂದ. ಕಳ್ಳ ಬೇಟೆಯವರು ಮುಖಕ್ಕೆ ಕೊಡಲಿ ಹಾಕಿ ಕೊಂಬು ಕಿತ್ತುಕೊಂಡು ಹೋಗಿದ್ದರು. ಪ್ರಾಣಿ ಇನ್ನೂ ಉಸಿರಾಡುತ್ತಿತ್ತು. ಮೂಳೆ ಕೊಯ್ಯುವುದನ್ನು ಜೀವಮಾನವಿಡೀ ಕಂಡವಳು ಅವಳು. ಅರಿವಳಿಕೆ ಕೊಡದೆ, ಕೊಂದೂ ಮುಗಿಸದೆ ಕೊಯ್ದದ್ದನ್ನು ಮಾತ್ರ ಕಂಡಿರಲಿಲ್ಲ. ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನ ಫಲಕ ಬರೆಯಲು ರಟ್ಟು, ಮಾರ್ಕರು ಕೊಂಡು ತಂದಳು.

ಆ ವರ್ಷ ಹತ್ತಿರದ ಊರಿನ ಹರಾಜು ಮನೆಯೊಂದರಲ್ಲಿ ಖಡ್ಗಮೃಗದ ಕೊಂಬಿನಿಂದ ಕೆತ್ತಿದ ಹಳೆಯ ಬಟ್ಟಲು ಮಾರಾಟಕ್ಕೆ ಬಂತು. ಅಂಚಿಗೆ ಬಳ್ಳಿ, ಬಳ್ಳಿಯ ಮೇಲೆ ಬಾಲ ಮುರಿದ ಹಲ್ಲಿ. ಹಳೆಯದಾದರೆ ಮಾರಬಹುದು ಎಂಬ ಸಂದು ಕಾನೂನಿನಲ್ಲಿದೆ. ದುಡ್ಡಿದ್ದವರು ಆ ಸಂದಿನಲ್ಲಿ ಕಾರು ಸಮೇತ ನುಗ್ಗುತ್ತಾರೆ. ಕೌಸಲ್ಯಾ ಮತ್ತು ಅವಳ ಜೊತೆಯ ಇಂಗ್ಲಿಷ್ ಪಿಂಚಣಿದಾರರು ಜಡಿಮಳೆಯಲ್ಲಿ ಗೇಟಿನ ಮುಂದೆ ನಿಂತು ಕೂಗಿದರು. ಅವಳು ಕಲಿಸಿದ್ದ "ಧಿಕ್ಕಾರ" ಅವರ ಬಾಯಲ್ಲಿ "ಡಿಕಾರಾ" ಆಗಿತ್ತು, ಆದರೂ ಜೋರಾಗಿತ್ತು. ಬಟ್ಟಲನ್ನು ಯಾರೋ ಫೋನಿನಲ್ಲೇ ಕೂಗಿ ಕೊಂಡರು.

ಯಾರೋ ಅಲ್ಲ. ಅಪ್ಪನ ವರ್ಷದ ತಿಥಿಯ ದಿನ ಹಾರ್ಬೋರ್ನ್ ಬಡಾವಣೆಯ ತಮ್ಮನ ಮನೆಗೆ ಹೋದಾಗ ದರ್ಭೆ, ಎಳ್ಳಿನ ಪಕ್ಕದಲ್ಲಿ ಬಾಲ ಮುರಿದ ಹಲ್ಲಿ ಕೂತಿತ್ತು.

"ಉಮ್ಯಾ, ಇದೇನೋ?"

ತಮ್ಮ ಉಮೇಶ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು. ಧಾರವಾಡದ ಮಾತನ್ನು ಎಂದೋ ಬಿಟ್ಟು ಬೆಂಗಳೂರಿನದಕ್ಕೆ ಜಾರಿದ್ದ. "ಖಡ್ಗಪಾತ್ರೆ ಅಕ್ಕಾ. ಇದ್ರಲ್ಲಿ ತರ್ಪಣ ಬಿಟ್ರೆ ಪಿತೃಗಳಿಗೆ ಅಕ್ಷಯ ತೃಪ್ತಿ ಅಂತೆ. ಭಟ್ರೇ ಹೇಳಿದ್ದು."

ಭಟ್ಟರು ಲೆಸ್ಟರಿನಲ್ಲಿದ್ದರು, ಮಂತ್ರ ಹೇಳಲು ಲ್ಯಾಪ್‌ಟಾಪಿನೊಳಗೆ ಕೂತಿದ್ದರು. ಅಲ್ಲಿಂದಲೇ ಕೆಮ್ಮಿದರು. "ಶಾಸ್ತ್ರದಲ್ಲಿ ಹೀಗೂ ಇದೆ ಅಂತ ಮಾತಿಗೆ ಹೇಳ್ದೆ ಸ್ವಾಮಿ. ತಾಮ್ರದ್ದು ಸಾಕು ಅಂತಾನೂ ಹೇಳಿದ್ದೆ."

"ಅಪ್ಪ ಸ್ಟೀಲ್ ಲೋಟಾದಾಗ ಚಹಾ ಕುಡದಾಂವ," ಎಂದಳು ಕೌಸಲ್ಯಾ. "ಸತ್ತ ಮ್ಯಾಲೆ ಅವಂಗ ಕೊಂಬು ಬೇಕಾತೇನು? ಅದು ಉಗುರಿನ ಸರಕು. ನೀ ಡಾಕ್ಟರು, ನಿನಗ ಗೊತ್ತಿಲ್ಲೇನು? ನಿನ್ನ ಉಗುರು ಕತ್ತರಿಸಿ ಅದ್ರಾಗ ನೀರು ಬಿಡು, ಅಷ್ಟ ಪುಣ್ಯ."

"ಆ ಪ್ರಾಣಿ ಸತ್ತು ನೂರು ವರ್ಷ ಆಗಿದೆ. ನಾನೇನ್ ಗನ್ ಹಿಡ್ಕೊಂಡು ಹೋಗಿದ್ನಾ? ಆಂಟಿಕ್ ಅಕ್ಕಾ, ಲೀಗಲ್. ನಾಳೆ ಮಾರಿದ್ರೂ ಲಾಸ್ ಇಲ್ಲ."

"ಹಾಂ, ಈಗ ಬಂತು ನೋಡು ಬಾಯಿಗೆ. ನೀ ಏರಿಸಿದ ರೇಟು ನೋಡೇ ಅಲ್ಲಿ ಕಾಡಿನ್ಯಾಗ ಒಬ್ಬಾಂವ ಇವತ್ತು ಕೊಡ್ಲಿ ಮಸೀತಾನ. ನೂರು ವರ್ಷದ್ದು ಸತ್ತದ, ಖರೆ. ಇವತ್ತಿಂದು ಬದುಕೇದಲ್ಲ?"

"ಅಪ್ಪನ ಕಾರ್ಯ ಕೆಡಿಸಬೇಡ. ಬೀದಿ ನಾಟಕ ಬೀದಿಯಲ್ಲಿಟ್ಕೋ."

ಈ ಬಟ್ಟಲು ಮತ್ತೆ ಹರಾಜಿಗೆ ಹೋಗುತ್ತದೆ, ಮತ್ತೆ ಬೆಲೆ ಏರುತ್ತದೆ, ತಾನು ಮತ್ತೆ ಮಳೆಯಲ್ಲಿ ನಿಂತು ಡಿಕಾರಾ ಅನ್ನುತ್ತೇನೆ: ಇದಿಷ್ಟೂ ಕೌಸಲ್ಯಾಗೆ ಕಂಡಿತು. ಬಟ್ಟಲನ್ನು ಎತ್ತಿಕೊಂಡು ಗ್ಯಾರೇಜಿಗೆ ನಡೆದಳು. ಪೂಜೆಯ ಪಾತ್ರೆ ತೊಳೆಯಲು ಹೊರಟಳೆಂದು ಉಮೇಶನ ಹೆಂಡತಿ ಬೃಂದಾ ದಾರಿ ಬಿಟ್ಟಳು.

ಗೋಡೆಗೆ ಕಪಾಟು ಜಡಿಯುವ ಡ್ರಿಲ್ಲು ಅಲ್ಲಿತ್ತು. ಕೌಸಲ್ಯಾ ಅದಕ್ಕೆ ದಪ್ಪ ಮೊನೆ ಹಾಕಿ, ಬಟ್ಟಲನ್ನು ಬೋರಲು ಹಿಡಿದು, ತಳಕ್ಕೆ ಒತ್ತಿದಳು. ಕೂದಲು ಸುಟ್ಟ ವಾಸನೆ ಮನೆ ತುಂಬಿತು. ಕಾಡಿನ ಕಾವಲಿನವರು ಖಡ್ಗಮೃಗಕ್ಕೆ ಮದ್ದು ಕೊಟ್ಟು ಮಲಗಿಸಿ, ಜೀವ ಉಳಿಯಲೆಂದು ತಾವೇ ಕೊಂಬು ಕೊಯ್ಯುವುದನ್ನೂ ಅವಳು ವಿಡಿಯೊದಲ್ಲಿ ನೋಡಿದ್ದಳು. ಅವರು ಅವಸರ ಮಾಡುತ್ತಿರಲಿಲ್ಲ. ಇವಳೂ ಮಾಡಲಿಲ್ಲ. ಮೊದಲ ತೂತಿನ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ತಳ ಕಳಚಿ ಬಿತ್ತು.

ಬಾಗಿಲಲ್ಲಿ ನಿಂತ ಉಮೇಶನ ಮುಖ ಬಿಳಿಚಿಕೊಂಡಿತ್ತು. "ಪೊಲೀಸರನ್ನ ಕರೀತೀನಿ."

"ಕರಿ. ಬಂದವರಿಗೆ ತಿಥಿ ವಡಿ ಹಾಕೂಣಂತ."

ಬೃಂದಾ ಅಡುಗೆಮನೆಯಿಂದ ತಾಮ್ರದ ಪಂಚಪಾತ್ರೆ ತಂದು ದರ್ಭೆಯ ಪಕ್ಕ ಇಟ್ಟಳು. "ರೀ, ಕೂತ್ಕೊಳಿ. ಮಾವನವರಿಗೆ ಹಸಿವಾಗಿರತ್ತೆ. ಅತ್ತಿಗೆ, ಕೈ ತೊಳ್ಕೊಂಡು ಬನ್ನಿ, ವಾಸನೆ."

ಉಮೇಶ ಕೂತ. ಭಟ್ಟರು ಏನೂ ಆಗಿಲ್ಲವೆಂಬಂತೆ ಗೋತ್ರ ಹೇಳಿದರು. ಎಳ್ಳುನೀರು ಅವನ ಹೆಬ್ಬೆರಳ ಪಕ್ಕದಿಂದ ಇಳಿಯಿತು. ಅಕ್ಕನ ಕಡೆ ಅವನು ನೋಡಲಿಲ್ಲ.

ಊಟಕ್ಕೆ ಎಲ್ಲರೂ ಕೂತರು. ಅಪ್ಪನ ದಿನ ತಮ್ಮನನ್ನು ಅವನ ಮನೆಯಲ್ಲೇ ಅವಮಾನಿಸಿದೆನಲ್ಲ ಎಂದು ಕೌಸಲ್ಯಾಗೆ ಅನ್ನಿಸಿತು. ಕ್ಷಮೆ ಕೇಳಿಬಿಡೋಣವೆಂದು ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಉಮೇಶ ಕೈ ತೊಳೆದು ಬಂದು ಫೋನು ಎತ್ತಿಕೊಂಡ. ಪೊಲೀಸರಿಗಲ್ಲ, ಹರಾಜು ಮನೆಗೆ. ರಿಪೇರಿ ಆಗುತ್ತದೆಯೇ, ಆದರೆ ಎಷ್ಟಕ್ಕೆ ಹೋದೀತು ಎಂದು ಕೇಳುತ್ತಿದ್ದ. ಆ ಕಡೆಯವರು ಹೇಳಿದ್ದನ್ನು ಕೇಳಿ ಸೋಫಾದ ಮೇಲೆ ಕುಸಿದ. ತಳ ಹೋದ ಬಟ್ಟಲನ್ನು ಅವರು ಮುಟ್ಟುವುದೂ ಇಲ್ಲವಂತೆ.

ಕೌಸಲ್ಯಾ ತೆರೆದ ಬಾಯಿಯನ್ನು ಹಾಗೇ ಬಳಸಿಕೊಂಡಳು. "ಬೃಂದಾ, ಪಾಯಸ ಇನ್ನೊಂದ್ ಸೌಟು ಹಾಕವಾ," ಎಂದಳು.