ಹಗ್ಗ ಬಿಟ್ಟು ಗಾಡಿ ಮಾರಿದ್ದು

ಈರಬಸಪ್ಪನಿಗೆ ಸಾಕುಸಾಕಾಗಿತ್ತು. ವರ್ಷಾನುಗಟ್ಟಲೆ ಅಣ್ಣಿಗೇರಿ ಪೇಟೆಗೆ ಕಡಲೆ ಹೊತ್ತಿದ್ದ ಪಿಕಪ್ಪು ಈಗ ಕೀಲಿ ತಿರುವಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಇಂಜಿನ್ ಪೂರ್ತಿ ಬಿಚ್ಚಬೇಕೆಂದ ಮೆಕ್ಯಾನಿಕ್‌ಗೂ ಬೈದ, ಗಾಡಿಗೂ ಬೈದ. ರಿಪೇರಿಯ ಗೊಡವೆಯೇ ಬೇಡ, ಮಾರಿ ಕೈತೊಳೆದುಕೊಳ್ಳುವುದೇ ಸೈ ಎಂದು ಹಳೆ ಗಾಡಿಗಳ ವ್ಯಾಪಾರಿ, ನವಲಗುಂದದ ರಮಜಾನನನ್ನು ಕರೆಸಿದ.

ರೇಟಿನ ಮಾತು ಮುಗಿಯಿತು, ದುಡ್ಡು ಕೈಗೆ ಬರುವುದಷ್ಟೇ ಬಾಕಿ. ರಮಜಾನ್ ಎಳೆದೊಯ್ಯಲು ಟ್ರ್ಯಾಕ್ಟರ್ ತಂದಿದ್ದ, ಹಗ್ಗ ತಂದಿರಲಿಲ್ಲ. ಪಿಕಪ್ಪಿನಲ್ಲಿ ಸುತ್ತಿಟ್ಟಿದ್ದ ದಪ್ಪ ಹಗ್ಗಕ್ಕೆ ಅವನು ಕೈಹಾಕಿದ್ದೇ ತಡ, ಈರಬಸಪ್ಪ ಕಸಿದುಕೊಂಡ.

“ಹಗ್ಗ ಬಿಡು. ಎತ್ತು ಮಾರಿದ್ರೂ ನಮ್ಮ ಮನಿಯಾಗ ಹಗ್ಗ ಕೊಡೂದಿಲ್ಲ. ಅದರ ಜೋಡಿ ಲಕ್ಷ್ಮೀನೂ ಹೋಗ್ತಾಳ.”

“ಕಾಕಾ, ಇದು ಎತ್ತಲ್ರಿ. ನಾಳಿ ವಾಪಸ್ ತಂದು ಕೊಡ್ತೀನಿ.”

“ಕೊಡೂದಿಲ್ಲಂದ್ರ ಕೊಡೂದಿಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೀಲಕ್ಕ ಹಣೆ ಚಚ್ಚಿಕೊಂಡಳು.

ತನ್ನದೇ ಹಗ್ಗ ತರುತ್ತೇನೆಂದು ಹೋದ ರಮಜಾನ್ ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಈರಬಸಪ್ಪ ಅವನಿಗೂ ಬೈದ, ತನಗೂ ಬೈದುಕೊಂಡ. ಕೊನೆಗೆ ಬಾಜೂಮನೆಯವರ ಟ್ರ್ಯಾಕ್ಟರ್ ಬೇಡಿ ತಂದು, ಹಲ್ಲು ಕಡಿಯುತ್ತ, ಅದೇ ಹಗ್ಗದಿಂದ ಪಿಕಪ್ಪನ್ನು ಕಟ್ಟಿದ.

“ಎಲ್ಲಿಗ್ರಿ?” ಎಂದಳು ನೀಲಕ್ಕ.

“ಗ್ಯಾರೇಜಿಗೆ. ಇಂಜಿನ್ ಬಿಚ್ಚಸಾಕ.”

“ಸಾವಕಾಶ ಎಳೀರಿ,” ಎಂದಳು ಆಕೆ. “ಹಗ್ಗ ಹರದೀತು. ಲಕ್ಷ್ಮಿ ಅದಾಳ ಅದರಾಗ.”