ಅರಗು ಹತ್ತಿದ ಬ್ರೇಕು

ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಗಾಡಿ ಬಿಚ್ಚುವ ಹೊತ್ತು. ಬಿಡದಿ, ಹಾರೋಹಳ್ಳಿಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ನಮ್ಮ ಚನ್ನಪಟ್ಟಣದಲ್ಲೂ ಕೆಲಸ ಸಿಕ್ಕವರೆಲ್ಲ ಒಬ್ಬರ ಹಿಂದೊಬ್ಬರು ಮೋಟಾರ್‌ಸೈಕಲ್ ತಂದು ಮನೆ ಮುಂದೆ ನಿಲ್ಲಿಸಿದ್ದರು. ವಾರವೆಲ್ಲ ಕಂಪನಿ ಬಸ್ಸು, ಭಾನುವಾರ ಗಾಡಿಯ ಸೇವೆ. ಒಬ್ಬರಿಗೆ ಮೈಲೇಜ್ ಯಾಕೆ ಇಳಿಯಿತು ಎಂಬ ಚಿಂತೆ, ಇನ್ನೊಬ್ಬರಿಗೆ ಹತ್ತು ಸಲ ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಗೋಳು. ಎಲ್ಲರೂ ಬಂದು ಕೇಳುತ್ತಿದ್ದದ್ದು ನನ್ನನ್ನು.

ನಾನೇನು ಮೆಕ್ಯಾನಿಕ್ ಅಲ್ಲ, ಬೊಂಬೆ ಮಾಡುವವನು. ಲೇತ್‌ಗೆ ಮರದ ತುಂಡು ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತೇನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆ ಗರಿ ಒತ್ತಿ ಹಿಡಿದರೆ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಇಷ್ಟು ನಾಜೂಕಿನ ಕೆಲಸ ಮಾಡುವ ಕೈಗೆ ಸ್ಪ್ಯಾನರ್ ಏನು ಮಹಾ ಎಂಬ ಜಂಬ ನನಗಿತ್ತು. ಗೊತ್ತಿದ್ದದ್ದಕ್ಕೆ ಉತ್ತರ ಹೇಳುತ್ತಿದ್ದೆ, ಗೊತ್ತಿಲ್ಲದ್ದಕ್ಕೆ ಇನ್ನೂ ಜೋರಾಗಿ ಹೇಳುತ್ತಿದ್ದೆ. ನನ್ನ ಹಳೇ ಗಾಡಿಯನ್ನಂತೂ ಯಾವ ಗ್ಯಾರೇಜಿನವರಿಗೂ ಮುಟ್ಟಗೊಟ್ಟಿರಲಿಲ್ಲ.

ಆ ವರ್ಷ ನನ್ನ ಹೆಂಡತಿ ಏಳು ತಿಂಗಳ ಬಸುರಿ. ಅದಕ್ಕೆ ಮುಂಚೆ ಒಂದು ಸಲ ಮೂರನೇ ತಿಂಗಳಲ್ಲೇ ಹೋಗಿತ್ತು. ಹಾಗಾಗಿ ಈ ಸಲ ಮನೆಯವರೆಲ್ಲ ಅವಳು ಹೊಸ್ತಿಲು ದಾಟಿದರೂ ಹುಷಾರು ಎನ್ನುತ್ತಿದ್ದರು. ಬಳೆ ತೊಡಿಸುವ ಶಾಸ್ತ್ರ ಮುಗಿದಿತ್ತು, ತವರಿಗೆ ಹೋಗಬೇಕಿತ್ತು. ತವರು ಕನಕಪುರದ ಕಡೆಯ ಹಳ್ಳಿ, ರೇಷ್ಮೆ ಸಾಕುವ ಮನೆ. ಅವರೇ ಬಂದು ಕರೆದುಕೊಂಡು ಹೋಗುವುದು ಪದ್ಧತಿ. ಆದರೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಮನೆ ಬಿಟ್ಟು ಒಬ್ಬರೂ ಅಲುಗಾಡುವಂತಿರಲಿಲ್ಲ. ನಾಲ್ಕು ದಿನ ತಡೆಯಿರಿ, ವ್ಯಾನ್ ತರುತ್ತೇವೆ ಎಂದು ಮಾವ ಹೇಳಿ ಕಳಿಸಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಹೆಂಡತಿಯನ್ನು ನಾನು ಕರೆದುಕೊಂಡು ಹೋಗಲಾರೆನೇ ಎಂದು ಹಟ ಹಿಡಿದೆ. ಅವ್ವ ಬೇಡವೆಂದು ಬೈದಳು. ಬಸ್ಸಿನಲ್ಲಿ ಅವಳಿಗೆ ವಾಂತಿಯಾಗುತ್ತದೆ, ಗಾಡಿಯೇ ವಾಸಿ ಎಂದು ಅವ್ವನ ಬಾಯಿ ಮುಚ್ಚಿಸಿದೆ.

ಹಿಂದಿನ ದಿನ ಮಧ್ಯಾಹ್ನ ಎರಡೂ ಚಕ್ರ ಬಿಚ್ಚಿ ಬ್ರೇಕ್ ಶೂ ಹೊರತೆಗೆದೆ. ಉಜ್ಜಿ ಚಕ್ರ ನಿಲ್ಲಿಸುವ ಅದರ ಪಟ್ಟಿ, ಲೈನರ್, ಒರಟಾಗಿತ್ತು, ಬರಿಗಾಲಲ್ಲಿ ನಡೆಯುವವರ ಹಿಮ್ಮಡಿಯ ಹಾಗೆ. ಬೊಂಬೆಯವನ ಕಣ್ಣಿಗೆ ಒರಟು ಎಂದರೆ ಕೆಲಸ ಇನ್ನೂ ಮುಗಿದಿಲ್ಲ ಎಂದೇ ಅರ್ಥ. ಎಮೆರಿ ಕಾಗದದಿಂದ ನಯ ಮಾಡಿದೆ. ಸಾಲದೆಂದು, ಬೆಳಗಿನಿಂದ ಬೊಂಬೆ ಉಜ್ಜಿದ್ದ ಕೇದಗೆ ಗರಿಯನ್ನೇ ತಂದು ತೋಳು ನೋಯುವ ತನಕ ಒತ್ತಿ ಒತ್ತಿ ಉಜ್ಜಿದೆ. ಲೈನರ್ ಮಿರಮಿರ ಮಿಂಚಿತು. ಬಿಡದಿಯ ಕಂಪನಿಗೆ ಹೋಗುತ್ತಿದ್ದ ಪಕ್ಕದ ಮನೆಯ ಗೆಳೆಯ ನೋಡಿ, ಬರುವ ಭಾನುವಾರ ತನ್ನ ಗಾಡಿಗೂ ಹೀಗೇ ಮಾಡಿಕೊಡು ಎಂದ. ನಾನು ಉಬ್ಬಿಹೋದೆ.

ಬೆಳಿಗ್ಗೆ ಹೊರಟೆವು. ಮೈಸೂರು ರಸ್ತೆ ಅಗಲ ಮಾಡುತ್ತಿದ್ದರು. ಹೆಜ್ಜೆಗೊಂದು ತಿರುವು, ಹೆಜ್ಜೆಗೊಂದು ಬ್ರೇಕು. ಬ್ರೇಕ್ ಸೊಗಸಾಗಿಯೇ ಹಿಡಿಯುತ್ತಿತ್ತು. ರಾಮನಗರ ದಾಟಿ ಕನಕಪುರದ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗಿದ್ದೆವು. ಅವಳು ನನ್ನ ಭುಜ ತಟ್ಟಿದಳು.

"ಒಸಿ ನಿಲ್ಸಿ. ಅರಗಿನ ವಾಸ್ನೆ ಬತ್ತೈತೆ."

ನನ್ನ ಅಂಗಿಯದಿರಬೇಕು, ಸುಮ್ಮನೆ ಕೂತ್ಕೋ ಎಂದೆ.

"ನಿಮ್ಮ ಅಂಗಿ ವಾಸ್ನೆ ನಂಗೊತ್ತು. ಇದು ಬಿಸಿ ಅರಗು. ನಾ ಇಳೀತೀನಿ."

ಅವಳ ಮೂಗಿನ ವಿಷಯ ಹೇಳಬೇಕು. ರೇಷ್ಮೆ ಹುಳುವಿಗೆ ಘಾಟು ಆಗದು. ಬೀಡಿ ಸೇದಿದವರನ್ನು, ಊದುಬತ್ತಿ ಮುಟ್ಟಿದವರನ್ನು ಹುಳುವಿನ ಕೋಣೆಗೆ ಬಿಡುವುದಿಲ್ಲ. ತವರಿನಲ್ಲಿ ಚಿಕ್ಕಂದಿನಿಂದ ಬಾಗಿಲಲ್ಲಿ ನಿಂತು ಬಂದವರನ್ನು ಮೂಸಿ ಒಳಗೆ ಬಿಡುವ ಕೆಲಸ ಅವಳದೇ ಆಗಿತ್ತಂತೆ. ಬಸುರಿಯಾದ ಮೇಲಂತೂ ಪಕ್ಕದ ಮನೆಯ ಒಗ್ಗರಣೆಗೂ ಮೂಗು ಮುಚ್ಚುತ್ತಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ರೇಗಿದೆ. ಮದುವೆಯಾಗಿ ಎರಡು ವರ್ಷದಲ್ಲಿ ನನಗೆ ಒಮ್ಮೆಯೂ ಎದುರಾಡದವಳು ಆ ದಿನ ಮಾತ್ರ ಜಗ್ಗಲಿಲ್ಲ. ಗಾಡಿ ನಿಧಾನ ಮಾಡಿದೆ. ನಿಲ್ಲಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆ ಕೋಪದಲ್ಲಿ ಅದನ್ನೂ ಗಮನಿಸಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಇಳಿದು ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತಳು.

ಇರು, ಗಾಡಿಗೆ ಏನೂ ಆಗಿಲ್ಲ, ಒಂದು ಸುತ್ತು ಹೋಗಿ ಬಂದು ತೋರಿಸುತ್ತೇನೆ ಎಂದು ಗಾಡಿಯನ್ನು ಮುಂದಿನ ಇಳಿಜಾರಿಗೆ ಬಿಟ್ಟೆ. ಅರ್ಧ ಇಳಿದಿದ್ದೆ. ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರ್ಯಾಕ್ಟರ್ ಒಂದು ತೋಟದಿಂದ ರಸ್ತೆಗೆ ಬಂತು. ಬ್ರೇಕ್ ತುಳಿದೆ. ಕಾಲು ಕೊನೆಯವರೆಗೂ ಹೋಯಿತು, ಕೈಯ ಬ್ರೇಕೂ ಪೂರ್ತಿ ಎಳೆದದ್ದಾಯಿತು, ಗಾಡಿ ಮಾತ್ರ ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತಲೇ ಇತ್ತು. ಪಕ್ಕಕ್ಕೆ ತಿರುಗಿಸಿ ಜಲ್ಲಿಯ ಗುಡ್ಡೆಗೆ ನುಗ್ಗಿಸಿದೆ. ಮೊಣಕಾಲು, ಮೊಣಕೈ ತರಚಿಹೋದವು. ಗಾಡಿ ಮಗುಚಿ, ಅವಳು ಕೂತಿದ್ದ ಹಿಂದಿನ ಸೀಟು ಜಲ್ಲಿಗೆ ಅಪ್ಪಳಿಸಿತ್ತು.

ಬಿದ್ದಲ್ಲೇ ನನಗೂ ವಾಸನೆ ಬಂತು. ಚಕ್ರದ ನಡುವಿನ ಡ್ರಮ್ ಮುಟ್ಟಿದರೆ ಬೆರಳು ಸುಟ್ಟಿತು. ಬೊಂಬೆಗಳಿಂದ ಗರಿಗೆ ಹತ್ತಿದ್ದ ಅರಗನ್ನೆಲ್ಲ ನಾನೇ ಲೈನರಿಗೆ ಬಳಿದಿದ್ದೆ. ಉಜ್ಜಿದರೆ ಬಿಸಿ, ಬಿಸಿಗೆ ಅರಗು ಕರಗುತ್ತದೆ, ಕರಗಿದರೆ ಜಾರುತ್ತದೆ. ದಿನವೂ ಇದನ್ನೇ ಮಾಡಿ ಅನ್ನ ತಿನ್ನುವವನಿಗೆ ಇಷ್ಟೂ ಹೊಳೆದಿರಲಿಲ್ಲ. ಬ್ರೇಕಿಗೆ ಬೇಕಾದದ್ದು ಆ ಒರಟೇ ಎಂದು ಆಮೇಲೆ ಗ್ಯಾರೇಜಿನವರು ಹೇಳಿದರು. ಅವರು ನಗಲಿಲ್ಲ, ಅದಕ್ಕೂ ಅವರಿಗೆ ವಂದನೆ. ಮುಂದಿನ ಭಾನುವಾರ ಪಕ್ಕದ ಮನೆಯ ಗೆಳೆಯ ಚಕ್ರ ಬಿಚ್ಚಿಟ್ಟುಕೊಂಡು ಕಾಯುತ್ತಿದ್ದ. ಬೀದಿಯವರ ಮುಂದೆ ಇದ್ದದ್ದನ್ನೆಲ್ಲ ಇದ್ದ ಹಾಗೆ ಹೇಳಿ, ಅವನ ಬ್ರೇಕ್ ಶೂ ಮುಟ್ಟದೆ ಬಂದೆ.

ಆ ಇಳಿಜಾರನ್ನು ಕುಂಟುತ್ತ ಹತ್ತಿ ಬರುವಾಗ ಮಾತ್ರ ನನ್ನ ತಲೆಯಲ್ಲಿ ಇದ್ಯಾವುದೂ ಇರಲಿಲ್ಲ. ಅವಳು ಇಳಿಯದೆ ಹೋಗಿದ್ದರೆ, ನನ್ನ ಕೋಪಕ್ಕೆ ಹೆದರಿ ಹಿಂದೆ ಕೂತೇ ಇದ್ದಿದ್ದರೆ ಎಂಬುದೊಂದೇ. ಮೋರಿ ಕಟ್ಟೆಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತೆ. ಬೈಯಲಿ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಸೆರಗಿನಿಂದ ನನ್ನ ಮೊಣಕೈಯ ರಕ್ತ ಒರೆಸಿದಳು. ಆಮೇಲೆ ಆ ಕೈಯನ್ನೇ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಒದೀತೈತೆ, ನೋಡಿ," ಎಂದಳು.