ರುದ್ರಪ್ಪ ಮೇಷ್ಟ್ರ ನೀಲಿ ಟಾರ್ಪಾಲು

ರುದ್ರಪ್ಪ ಮೇಷ್ಟ್ರು ಕಸವನ್ನು ಹಾಜರಿ ಕೂಗುವ ಧ್ವನಿಯಲ್ಲಿ ಓದುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಅರಸೀಕೆರೆಯ ನಮ್ಮ ಬೀದಿಯ ಹೊಂಗೆಮರದ ಕೆಳಗೆ ನೀಲಿ ಟಾರ್ಪಾಲು ಹಾಸಿ, ಸರದಿಯಂತೆ ಒಂದು ಮನೆಯ ಒಣಕಸದ ಚೀಲ ಸುರಿದು, ಒಂದೊಂದನ್ನೇ ಎತ್ತಿ ಹಿಡಿಯುವರು. "ಹಾಲಿನ ಕವರು, ತೊಳೆದಿಲ್ಲ. ಚಪ್ಪಲಿ ಒಂದು, ಇನ್ನೊಂದೆಲ್ಲಿ?" ನಾವು ನಗುತ್ತಿದ್ದೆವು, ಚೀಲ ನಮ್ಮದಲ್ಲದಿದ್ದರೆ.

ಊರಾಚೆಯ ಕಸದ ಗುಡ್ಡೆಗೆ ಬೆಂಕಿ ಬಿದ್ದು, ಹೊಗೆಗೆ ರೋಸಿಹೋದ ಪಕ್ಕದ ಹಳ್ಳಿಯವರು ಲಾರಿ ತಡೆದಿದ್ದರು. ಆಗ ಬೀದಿಯವರನ್ನೆಲ್ಲ ಕೂಡಿಸಿ, ನಮ್ಮ ಕಸದ ಪ್ರಮಾಣ ನಾವೇ ಇಳಿಸೋಣ ಎಂದವರು ಈ ನಿವೃತ್ತ ಮೇಷ್ಟ್ರು. ಹಸಿಕಸಕ್ಕೆ ಗೊಬ್ಬರದ ಗುಂಡಿ ತೋಡಿಸಿದರು. ನಾಮಕರಣ, ತಿಥಿಗಳಿಗೆ ಪ್ಲಾಸ್ಟಿಕ್ ಬಿಡಿಸಿ ಸ್ಟೀಲ್ ಲೋಟ ತರಿಸಿದರು. ಕಸದ ಆಟೋ ಅರ್ಧ ಖಾಲಿ ಹೋಗತೊಡಗಿತು. ಅವರಿಗೆ ಅದೂ ಸಾಲದು. "ಇನ್ನೂ ಇಳೀಬೇಕು ಕಣ್ರೀ" ಎನ್ನುವರು. ಮುಂದಿನದಕ್ಕೆ ಯೋಜನೆ ಹಾಕಲು ಯಾವ ಮನೆಯಿಂದ ಏನು ಬರುತ್ತದೆಂದು ತಿಳಿಯಬೇಕಿತ್ತು. ಟಾರ್ಪಾಲು ಬಂದದ್ದು ಹಾಗೆ. ಅವರು ಓದಿದ್ದರಲ್ಲಿ ಒಂದೂ ಸುಳ್ಳಿರುತ್ತಿರಲಿಲ್ಲ, ನಮಗೆ ಸಿಟ್ಟಿದ್ದದ್ದೂ ಅದಕ್ಕೇ.

ಶ್ರಾವಣದಲ್ಲಿ ನಮ್ಮ ಚೀಲದ ಸರದಿ ಬಂತು. ಕಾಗದದ ಪೊಟ್ಟಣವೊಂದನ್ನು ಬಿಚ್ಚಿ, "ಮೊಟ್ಟೆ ಸಿಪ್ಪೆ. ಹಸಿಕಸ ಇದು, ಇಲ್ಯಾಕೈತೆ?" ಎಂದರು. ಪಕ್ಕದಲ್ಲೇ ನಮ್ಮತ್ತೆ ನಿಂತಿದ್ದರು. ಆ ತಿಂಗಳು ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವ ಹಾಗಿಲ್ಲ. ರಕ್ತ ಕಡಿಮೆಯಿದೆ ಎಂದು ಡಾಕ್ಟರು ಹೇಳಿದ್ದಕ್ಕೆ ನಾನು ಕದ್ದು ಬೇಯಿಸಿಕೊಂಡಿದ್ದೆ. ಶ್ರಾವಣ ಮುಗಿಯುವವರೆಗೂ ಅತ್ತೆ ನಾನು ಮಾಡಿದ ಅಡುಗೆ ಮುಟ್ಟಲಿಲ್ಲ. ಮೇಷ್ಟ್ರ ಹತ್ತಿರ ಹೇಳಿಕೊಂಡರೆ, "ಸಿಪ್ಪೆ ಗಿಡದ ಬುಡಕ್ಕೆ ಹಾಕಿದ್ರೆ ಸಿಕ್ಕಿಬೀಳ್ತಿರ್ಲಿಲ್ಲ ಕಣಮ್ಮ" ಎಂದು ನಕ್ಕರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವರ ಹೆಂಡತಿ ಪಾರ್ವತಕ್ಕ ನಮ್ಮ ಹಿತ್ತಲಿಗೆ ಬಂದು ಮಡಚಿದ ಕವರೊಂದನ್ನು ನನ್ನ ಕೈಗಿಟ್ಟರು. ಒಳಗೆ ಆಸ್ಪತ್ರೆಯ ಚೀಟಿಗಳಿದ್ದವು.

"ಎದೆಯಾಗೆ ಗಂಟೈತಂತೆ ಕಣೇ ಸುಧಾ. ಮಗಳ ಹೆರಿಗೆ ಮುಗೀಲಿ, ಆಮೇಲೆ ನಾನೇ ಅವ್ರಿಗೆ ಹೇಳ್ತೀನಿ. ಮನ್ಯಾಗಿಟ್ರೆ ಕೈಗೆ ಸಿಗ್ತಾವೆ, ಸುಟ್ರೆ ವಾಸನೆ ಹಿಡೀತಾರೆ. ನಿಮ್ ಚೀಲದ ಸರದಿ ಮುಗ್ದೈತಲ್ಲ, ಅದ್ರಾಗೆ ಹಾಕ್ಬಿಡು."

ಹಾಕಿದೆ. ಭಾನುವಾರ ಆ ಚೀಲವನ್ನು ನಾನೇ ಹೊಂಗೆಮರದ ಹತ್ತಿರ ಹೊತ್ತುಕೊಂಡು ಹೋದೆ. "ಈ ಸಲಾನೂ ನಮ್ದೇ ನೋಡಿ ಮೇಷ್ಟ್ರೇ, ಸುಧಾರಿಸಿದ್ದೀವಾ ಅಂತ" ಎಂದೆ. ಒಂದು ಸಲವಾದರೂ ಅವರು ತಮ್ಮ ಮನೆಯದನ್ನು ಓದಲಿ ಎಂಬ ಹಟ ನನಗೆ. ಆಗ ಪಾರ್ವತಕ್ಕನ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಆದರೂ ಕೊಟ್ಟೆ.

ಮೇಷ್ಟ್ರು ಖುಷಿಯಾಗಿ ಸುರಿದರು. "ರಟ್ಟು, ಸರಿ. ಎಣ್ಣೆ ಕವರು, ತೊಳೆದಿದೆ, ಶಹಬ್ಬಾಸ್. ಆಸ್ಪತ್ರೆ ಚೀಟಿ. ಹೆಸರು, ಪಾರ್ವತಮ್ಮ. ಗಂಡನ ಹೆಸರು..." ಅಲ್ಲಿಗೆ ನಿಲ್ಲಿಸಿದರು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಬಾಯಿ ಬಿಡದೆ ಕೊನೆಯವರೆಗೂ ಓದಿದರು. ಎದುರು ಬಾಗಿಲಲ್ಲಿದ್ದ ಪಾರ್ವತಕ್ಕ ಗಂಡನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಟಾರ್ಪಾಲು ಮತ್ತೆ ಹಾಸಲಿಲ್ಲ. ಬೇಸಿಗೆಯ ಹೊತ್ತಿಗೆ ಪಾರ್ವತಕ್ಕ ತೀರಿಹೋದರು. ಕಸದ ಆಟೋ ಈಗ ಮೊದಲಿನ ಹಾಗೆ ತುಂಬಿ ತುಳುಕುತ್ತದೆ.

ಬೇಲೂರಿನ ಮಗಳ ಮನೆಗೆ ಹೊರಟ ದಿನ ಮೇಷ್ಟ್ರು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

"ಆ ಕವರು ನಿನಗೆ ಗೊತ್ತಿಲ್ದಂಗೆ ನಿನ್ನ ಚೀಲಕ್ಕೆ ನಾನೇ ತುರುಕಿದ್ದೆ ಅಂತ ನಮ್ಮೋಳು ಹೇಳಿದ್ಲಮ್ಮ, ಹೋಗೋ ಮುಂಚೆ. ನಮ್ಮನೆ ಕಸ ನಿಮ್ಮನೆ ಚೀಲಕ್ಕೆ ಹಾಕಿದ್ದು ತಪ್ಪು. ಅವಳ ಪರವಾಗಿ ನಾನು ಕೇಳ್ಕೋತೀನಿ, ಕ್ಷಮಿಸ್ಬಿಡು."

"ಹೋಗ್ಲಿ ಬಿಡಿ ಮೇಷ್ಟ್ರೇ" ಎಂದೆ. ಅವರು ಕೈಮುಗಿದು ಬಸ್ಸಿಗೆ ಹೊರಟರು.